ಮಾಳಿಗೆಯ ಮೇಲೆ ಸುಣ್ಣದ ಗಡಿಗೆ

ಕಳೆದ ಜುಲೈಯಲ್ಲಿ, ಅಂದರೆ ಎಪ್ಪತ್ತೈದರಲ್ಲಿ, ಸೋಲಾಪುರದಿಂದ ಹೈದರಾಬಾದಿಗೆ ಹೊರಟಿದ್ದ ನಮ್ಮ ಬಸ್ಸು ಉಮರ್ಗಾದಲ್ಲಿ ಕೆಟ್ಟು ನಿಂತಿತು. ನಿಂತದ್ದು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಕಂಡಕ್ಟರ್ ಅರ್ಧ ತಾಸು ಎಂದ. ಒಂದು ತಾಸು ಕಳೆದರೂ ಬಸ್ಸಿನ ಅಡಿಯಿಂದ ಡ್ರೈವರನ ಕಾಲುಗಳು ಮಾತ್ರ ಕಾಣುತ್ತಿದ್ದವು. ಹೊರಗೆ ಜಿಟಿಜಿಟಿ ಮಳೆ. ನಾನು ಚಹಾದಂಗಡಿಯ ತಗಡಿನ ಕೆಳಗೆ ನಿಂತಿದ್ದೆ. ಆಗ ಹೆದ್ದಾರಿಯ ತುಂಬ ಕುರಿಗಳು ಬಂದವು. ಹಿಂದೆ ಕಂಬಳಿ ಹೊದ್ದ ಒಬ್ಬ ಕುರುಬ. ಅವನ ಹಣೆಯ ತುಂಬ ಭಂಡಾರ, ಅಂದರೆ ಬೀರಪ್ಪ ದೇವರ ಅರಿಶಿನದ ಪುಡಿ. ಮಳೆಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ತೊಯ್ದ ಉಣ್ಣೆಯ ವಾಸನೆಗೆ ಅರಿಶಿನದ ವಾಸನೆ ಸೇರಿ ಮೂಗಿಗೆ ಬಡಿದಾಗ ಅಭ್ಯಾಸಬಲದಿಂದ ಕುರಿ ಎಣಿಸತೊಡಗಿದೆ. ಎಂಬತ್ತನಾಲ್ಕು. ಎಣಿಸಿ ಮುಗಿಸಿದ ಮೇಲೆಯೇ ಕುರುಬನ ಮುಖ ನೋಡುವ ಧೈರ್ಯ ಬಂದದ್ದು. ಅವನು ಮಾಳಪ್ಪನಲ್ಲ.

ಬಸ್ಸಿನಿಂದ ನನ್ನ ಚೀಲ ಇಳಿಸಿಕೊಂಡು ಕಾಸಾರಶಿರಸಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ. ಹನ್ನೆರಡಕ್ಕೆ ಎಂದರು. ಕಾಯುವುದು ನನಗೆ ಮೊದಲಿನಿಂದ ರೂಢಿ.

ಎಪ್ಪತ್ತೊಂದರ ಬೇಸಿಗೆಯಲ್ಲಿ ಮೊದಲ ನೌಕರಿ ಸಿಕ್ಕಿ ನಾನು ಉದಗೀರಕ್ಕೆ ಬಂದೆ. ಆಗ ನನಗೆ ಇಪ್ಪತ್ತಮೂರು. ಕಲಬುರ್ಗಿಯ ಹುಡುಗ, ಕನ್ನಡ, ಮರಾಠಿ, ಓದಲು ಬರುವಷ್ಟು ಉರ್ದು ಇತ್ತೆಂದು ಆರಿಸಿದ್ದರು. ಕಚೇರಿ ಗುಪ್ತವಾರ್ತೆಯದು. ಆದರೆ ಬಾಗಿಲಿಗೆ ಹಾಕಿದ ಫಲಕದಲ್ಲಿ ಮರಾಠಿಯಲ್ಲಿ ಅಂಕಿಸಂಖ್ಯೆ ಸಂಗ್ರಹ ಕಚೇರಿ ಎಂದಿತ್ತು. ಹಿಂದಿನ ವರ್ಷವೇ ಮಳೆ ಕಡಿಮೆಯಾಗಿತ್ತು, ಆ ವರ್ಷ ಪೂರ್ತಿ ಕೈಕೊಟ್ಟಿತು. ಹೀಗಾಗಿ ಫಲಕ ನೋಡಿದವರೆಲ್ಲ ಇದು ದುಷ್ಕಾಳದ ಕಚೇರಿಯೆಂದು ತಿಳಿದು ಕಲ್ಲೊಡೆಯುವ ಕೆಲಸಕ್ಕೆ ಹೆಸರು ಬರೆಸಲು ಬರುತ್ತಿದ್ದರು. ಇದು ಆ ಕಚೇರಿಯಲ್ಲ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಹಾಗಾದರೆ ಇದು ಯಾವ ಕಚೇರಿ ಎಂದು ಕೇಳಿದವರಿಗೆ ಫಲಕವನ್ನೇ ತೋರಿಸುತ್ತಿದ್ದೆ.

ನಾನು ದಿನಚರಿ ಬರೆಯುವವನು. ಆ ವರ್ಷದ ಪುಟಗಳಲ್ಲಿ ನಾಲ್ಕು ಕಾಲಂ ಹಾಕಿದ್ದೇನೆ: ಮಳೆ, ನೀರು, ಕೆಲಸ, ಮಾತಾಡಿದವರು. ಮಳೆಯ ಕಾಲಂನಲ್ಲಿ ಸೊನ್ನೆಗಳು. ನೀರಿನ ಕಾಲಂನಲ್ಲಿ ಟ್ಯಾಂಕರ್ ಬಂದ ದಿನಕ್ಕೆ ಒಂದು ಗೆರೆ. ಕೆಲಸದ ಕಾಲಂನಲ್ಲಿ ಏನೂ ಬರೆಯುವಂತಿರಲಿಲ್ಲ, ಅದಕ್ಕೆ ಬರೀ ತಾಸುಗಳನ್ನು ಬರೆದಿದ್ದೇನೆ. ಕೊನೆಯ ಕಾಲಂನಲ್ಲಿ ಎರಡಕ್ಕಿಂತ ದೊಡ್ಡ ಅಂಕಿ ಅಪರೂಪ. ಒಬ್ಬರು ನಮ್ಮ ಸಾಹೇಬರು, ಇನ್ನೊಬ್ಬರು ಪಕ್ಕದ ಮನೆಯ ಶಾಂತಾಬಾಯಿ. ಆಕೆ ಮುಂಜಾನೆ ಗೋಡೆಯ ಮೇಲಿಂದ "ಊಟ ಮಾಡ್ದಿ ಏನಪ್ಪಾ" ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಅದನ್ನೂ ಒಂದು ಎಂದು ಎಣಿಸುತ್ತಿದ್ದೆ.

ಅಕ್ಟೋಬರ್ ನಾಲ್ಕು, ಸೋಮವಾರ, ದೊಡ್ಡ ಕಚೇರಿಯಿಂದ ಸುತ್ತೋಲೆ ಬಂತು. ಯುದ್ಧ ಬಂದರೆ ನಿಮ್ಮ ಕಚೇರಿ ಹೇಗೆ ನಡೆಯುತ್ತದೆ, ಒಂದು ತಿಂಗಳಲ್ಲಿ ಬರೆದು ಕಳಿಸಿ. ಯಾವ ಕಾಗದ ಸುಡುತ್ತೀರಿ, ಯಾವುದು ಒಯ್ಯುತ್ತೀರಿ, ಎಲ್ಲಿಗೆ ಹೋಗುತ್ತೀರಿ, ತಂತಿ ಫೋನು ಎರಡೂ ನಿಂತರೆ ಸುದ್ದಿ ಹೇಗೆ ಮುಟ್ಟಿಸುತ್ತೀರಿ. ಸಾಹೇಬರು ಅದನ್ನು ಎರಡು ಸಲ ಓದಿ ನನ್ನ ಮೇಜಿನ ಮೇಲಿಟ್ಟರು. ಅವರು ನಿಜಾಮನ ಕಾಲದ ನೌಕರಿಯಿಂದ ಬಂದವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ದಿಲ್ಲಿಯವರಿಗಿ ಉದಗೀರ ಎಲ್ಲದ ಗೊತ್ತಿಲ್ಲ ಬಾಬು. ನಕಾಶೆದಾಗ ಒಂದ ಚುಕ್ಕಿ ಅದ, ಅಷ್ಟೇ. ಆದ್ರ ಚುಕ್ಕಿಗೂ ಒಂದು ಬಂದೋಬಸ್ತ್ ಬೇಕಲ್ಲ. ನೀ ಬರಿ. ನಿನಗ ಬರ್ಯೂದಂದ್ರ ಮಜಾ ಬರ್ತದ."

ನಿಜ, ನನಗೆ ಮಜಾ ಬಂತು. ಕಪಾಟಿನ ಕಡತಗಳನ್ನೆಲ್ಲ ತೆಗೆದು ಮೂರು ಗುಂಪು ಮಾಡಿದೆ. ಕೆಂಪು ದಾರ ಕಟ್ಟಿದ್ದು ಮೊದಲು ಸುಡುವುದು, ಕಪ್ಪು ದಾರದ್ದು ಜೊತೆಗೆ ಒಯ್ಯುವುದು, ಬಿಳಿಯದು ಬಿಟ್ಟು ಹೋಗುವುದು. ಡಾಂಬರಿನ ಖಾಲಿ ಡಬ್ಬಿ ತಂದು ಬುಡಕ್ಕೆ ತೂತು ಹೊಡೆಸಿ ಹಳೆಯ ಪತ್ರಿಕೆಗಳನ್ನು ಸುಟ್ಟು ನೋಡಿದೆ. ಕಟ್ಟು ಬಿಚ್ಚದೆ ಹಾಕಿದ ಕಡತ ಅಂಚು ಕರಿದು ಒಳಗೆ ಹಾಗೇ ಉಳಿಯುತ್ತದೆ. ಹಾಳೆ ಹಾಳೆ ಬಿಡಿಸಿ ಹಾಕಿದರೆ ಒಂದು ಕಟ್ಟಿಗೆ ಹನ್ನೊಂದು ನಿಮಿಷ. ಸುಟ್ಟ ಕಾಗದದ ಮೇಲೂ ಅಕ್ಷರ ಬೆಳ್ಳಗೆ ಕಾಣುತ್ತದೆಂಬುದು ಆಗ ತಿಳಿಯಿತು. ಅದಕ್ಕೆ ಬೂದಿಗೆ ನೀರು ಸುರಿದು ಕುಟ್ಟಿ ಕೆಸರು ಮಾಡಬೇಕು. ಎಲ್ಲ ಕೆಂಪು ಕಟ್ಟುಗಳಿಗೆ ಎಂಟು ಕೊಡ ನೀರು ಬೇಕೆಂದು ಲೆಕ್ಕ ಬಂತು. ನಮ್ಮ ಬಾವಿ ಆಗಸ್ಟಿನಲ್ಲೇ ಬತ್ತಿತ್ತು. ಟ್ಯಾಂಕರ್ ಎರಡು ದಿನಕ್ಕೊಮ್ಮೆ, ಮನೆಗೆ ಎರಡು ಕೊಡ.

"ಝಳಕ ಬಿಟ್ರೂ ನಡೀತದ" ಎಂದರು ಸಾಹೇಬರು. "ಬೂದಿ ತೋಯಬೇಕು."

ಹೀಗೆ ಅಂಗಳದ ಗೋಡೆಗೆ ಎಂಟು ಕೊಡಗಳನ್ನು ಸಾಲಾಗಿ ತುಂಬಿಟ್ಟೆವು. ತುಂಬುವುದಕ್ಕೆ ಹದಿನಾರು ದಿನ ಬೇಕಾಯಿತು. ಒಂದು ಮುಂಜಾನೆ ಶಾಂತಾಬಾಯಿ ಗೋಡೆಯ ಮೇಲಿಂದ ಅವನ್ನು ನೋಡಿದಳು. ಮೊಮ್ಮಗಳಿಗೆ ಜ್ವರ, ಒಂದು ಕೊಡ ಕೊಡು ಎಂದಳು. ಇವು ಸರಕಾರದ ನೀರು ಎಂದೆ. ಆಕೆ "ಸರಕಾರಕ್ಕ ಏನ್ ನೀರಡಿಕಿ ಆಗ್ಯದಪ್ಪ" ಎಂದು ಒಳಗೆ ಹೋದಳು. ಮರುದಿನದಿಂದ ಊಟದ ವಿಚಾರ ಕೇಳಲಿಲ್ಲ. ನನ್ನ ಕೊನೆಯ ಕಾಲಂನಲ್ಲಿ ಎರಡು ಹೋಗಿ ಒಂದು ಉಳಿಯಿತು. ನಾನು ಕೊಡಗಳ ಮೇಲೆ ಮುಚ್ಚಳ ಹಾಕಿ ಯೋಜನೆಯ ಮುಂದಿನ ಕಲಮು ಬರೆಯಲು ಕುಳಿತೆ.

ಕಚೇರಿ ಬಿಡಬೇಕಾದರೆ ಎಲ್ಲಿಗೆ ಹೋಗುವುದು? ಸಾಹೇಬರು ಕಾಸಾರಶಿರಸಿ ಎಂದರು. ಅಲ್ಲಿಯ ಗುರುಬಸಪ್ಪ ಸಾವಕಾರರು ಅವರ ಹಳೆಯ ಗೆಳೆಯರು. ಕಾಳುಕಡಿಯ ವ್ಯಾಪಾರ, ಅಂಗಡಿಯ ಹಿಂದೆ ದೊಡ್ಡ ಗೋದಾಮು. ದೇವಣಿ, ನಿಲಂಗಾ ದಾಟಿ ನಾನು ಬಸ್ಸಿನಲ್ಲಿ ಹೋದಾಗ ಅವರು ಲಿಂಗಪೂಜೆ ಮುಗಿಸಿ, ವಿಭೂತಿ ಆರದ ಹಣೆಯಲ್ಲಿ ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು.

"ಗೋದಾಮು ಖಾಲಿನೇ ಅದ ತಮ್ಮಾ" ಎಂದರು. "ಜ್ವಾಳ ಇಲ್ಲದ ವರ್ಷ ಇಲಿ ಸುದ್ದಾ ಬಿಟ್ಟು ಹೋಗ್ಯಾವ. ನಿಮ್ಮ ಸಂದೂಕ ತಂದಿಡು."

ಕಪ್ಪು ದಾರದ ಕಟ್ಟುಗಳನ್ನಿಡಲು ಮೊದಲೇ ಒಯ್ದಿಟ್ಟ ಸಂದೂಕದ ಜೊತೆ ಅವರಿಗೆ ಇನ್ನೊಂದು ಕೆಲಸವಿತ್ತು. ನಾವು ಅಲ್ಲಿಗೆ ಬಂದು ಹೇಳಿದ ದಿನ ಮಾಳಿಗೆಯ ಮೂಡಣ ಮೂಲೆಯಲ್ಲಿ ಸುಣ್ಣ ಬಳಿದ ಗಡಿಗೆಯೊಂದನ್ನು ಬೋರಲು ಹಾಕಬೇಕು. ಯಾಕೆ, ಯಾರು ನೋಡುತ್ತಾರೆ ಎಂದು ಕೇಳಬಾರದು.

"ನಾ ಕೇಳಲ್ಲ. ಆದ್ರ ನಮ್ಮನ್ಯಾಕಿ ಕೇಳ್ತಾಳ. ಆಕಿಗಿ ಏನ್ ಹೇಳ್ಲಿ?"

"ಕಾಗಿ ಓಡಿಸ್ಲಕ ಅಂತ ಹೇಳ್ರಿ."

"ಕಾಳೇ ಇಲ್ಲ, ಕಾಗಿ ಯಾಕ ಬರ್ತಾವ ಅಂತಾಳ" ಎಂದು ನಕ್ಕರು. ಆದರೂ ಗಡಿಗೆಗೆ ಅವತ್ತೇ ಸುಣ್ಣ ಬಳಿಸಿ ಅಟ್ಟದ ಮೇಲಿಟ್ಟರು.

ಗಡಿಗೆ ನೋಡಬೇಕಾದವನು ಮಾಳಪ್ಪ. ಕಾಸಾರಶಿರಸಿಯಿಂದ ಉಮರ್ಗಾಕ್ಕೆ ಸುದ್ದಿ ನಡೆದುಕೊಂಡು ಹೋಗಬೇಕು. ಅಲ್ಲಿ ಹೆದ್ದಾರಿಯ ಮೇಲೆ ಇಲಾಖೆಯ ಗಾಡಿ ಅದನ್ನು ತೆಗೆದುಕೊಳ್ಳುತ್ತದೆ. ಹೊಲದಲ್ಲಿ ನಡೆದುಹೋಗುವ ಕುರುಬನನ್ನು ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಸಾಹೇಬರ ವಿಚಾರ. ಊರಿನ ಮೂಡಣ ದಿಬ್ಬದ ಆಚೆ ಅವನ ಕುರಿಹಟ್ಟಿ ಇತ್ತು. ದಿಬ್ಬದ ಮೇಲೆ ಒಂದು ಬೇವಿನ ಮರ, ಅದರ ಕೆಳಗೆ ಬೀರಪ್ಪನ ಕಲ್ಲು. ಅಲ್ಲಿ ನಿಂತರೆ ಸಾವಕಾರರ ಮಾಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ದಿನಾ ಹೊತ್ತು ಹುಟ್ಟುವಾಗ ಅವನು ಮಾಳಿಗೆ ನೋಡಬೇಕು. ಗಡಿಗೆ ಕಂಡರೆ ಊರ ಹೊರಗಿನ ಮೈಲಿಗಲ್ಲಿನ ಬುಡದಲ್ಲಿ ಸುದ್ದಿಯ ಚೀಟಿ ಹಾಕಿಟ್ಟ ಬೆಂಕಿಪೊಟ್ಟಣ ತೆಗೆದುಕೊಂಡು ನಡೆಯಬೇಕು.

ಅಕ್ಟೋಬರ್ ಇಪ್ಪತ್ತನಾಲ್ಕು, ಭಾನುವಾರ, ನಾನು ಅವನನ್ನು ಕಂಡೆ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಪ್ರತಿ ವರ್ಷ ದೀಪಾವಳಿ ಆದ ಕೂಡಲೇ ಅವನು ಮಂದೆ ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೋಗುವವನು. ಆ ವರ್ಷ ದೀಪಾವಳಿ ಆಗಿ ಐದು ದಿನವಾಗಿತ್ತು, ಕಂಬಳಿ ಸುತ್ತಿ ಇಟ್ಟಿದ್ದ.

"ಎಷ್ಟು ಕುರಿ ಅವ?" ಎಂದೆ.

"ಆರು ಇಪ್ಪತ್ತಿಗಿ ಎರಡು ಕಮ್ಮಿ."

ನೂರಾ ಹದಿನೆಂಟು ಎಂದು ಬರೆದುಕೊಂಡೆ. ಯುದ್ಧದ ವಿಷಯ ಹೇಳಿದೆ. ಈ ವರ್ಷ ಹೋಗಬೇಡ, ಇಲ್ಲೇ ನಿಲ್ಲಬೇಕು, ಈ ಬಗ್ಗೆ ಯಾರನ್ನೂ ಏನೂ ಕೇಳಬಾರದು ಎಂದೆ. ಅವನು ಮಂದೆಯ ಕಡೆ ನೋಡಿದ.

"ಇಲ್ಲಿ ಮೇವು ಎಲ್ಲದರಿ? ಕೆರಿದಾಗ ನೀರು ಒಂದ ತಿಂಗಳಿಗಿ ಆಗ್ತದ. ಎಷ್ಟ ದಿನ ನಿಂದರ್ಬೇಕು?"

"ಹೇಳ್ಲಕ ಬರಲ್ಲ. ನಾವೇ ತಿಳಸ್ತೀವಿ."

ಅವನು ಬಹಳ ಹೊತ್ತು ಕಡ್ಡಿಯಿಂದ ನೆಲ ಗೀರಿದ. ಕೊನೆಗೆ, "ಇಷ್ಟ ವರ್ಷದಾಗ ಸರಕಾರ ನನ್ನ ಕಡಿಂದ ಏನರ ಕೇಳಿದ್ದು ಇದೇ ಮೊದಲ್ರಿ" ಎಂದ. "ನಿಂದರ್ತೀನಿ."

ಅವನ ಹೆಸರು ಯಾವ ಕಾಗದದ ಮೇಲೂ ಬರಬಾರದಾಗಿತ್ತು, ಹಾಗಾಗಿ ಹೆಬ್ಬೆಟ್ಟು ಒತ್ತಿಸುವಂತಿರಲಿಲ್ಲ. ಸಾಹೇಬರು ಮೊದಲೇ ಹೇಳಿದ್ದರು, ಭಂಡಾರ ಎತ್ತಸು, ಕಾಗದಕ್ಕಿಂತ ಪಕ್ಕಾ ಎಂದು. ಮಾಳಪ್ಪ ಬೀರಪ್ಪನ ಕಲ್ಲಿನ ಮುಂದೆ ಕುಳಿತು ಚೀಲದಿಂದ ಒಂದು ಹಿಡಿ ಅರಿಶಿನ ಎತ್ತಿ ಮಾತು ಕೊಟ್ಟ. ಆಮೇಲೆ ಅದರಲ್ಲಿ ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿ ಹೇಳಿದ:

"ಇದು ನಿಮ್ಮ ಹಂತ್ಯಾಕ ಇರ್ಲಿ. ಯಾರ ಮುಂದ ಎತ್ತೀನೋ ಅವರೇ ತಿರಗಿ ತಂದು ಕೊಡಬೇಕು. ಅಲ್ಲಿ ತನಕ ನಾ ಇಲ್ಲಿಂದ ಹಂದಾಡಲ್ಲ."

ನಾನು ಅದನ್ನು ಕಾಗದದಲ್ಲಿ ಮಡಿಚಿ ದಿನಚರಿಯಲ್ಲಿಟ್ಟೆ. ದೇವರ ಪ್ರಸಾದ ಇಟ್ಟುಕೊಂಡ ಹಾಗೆ. ಅವನ ಮಾತನ್ನೂ ಅವನು ಆಡಿದ ಹಾಗೆಯೇ ಅದೇ ಪುಟದಲ್ಲಿ ಬರೆದೆ. ಯೋಜನೆಯಲ್ಲಿ ಮಾತ್ರ ಬರೆಯಲಿಲ್ಲ. ಅಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ. ಪ್ರಮಾಣ ಎಂಬುದರ ಮುಂದೆ ಆಯಿತು ಎಂದಷ್ಟೇ ಬರೆದೆ.

ಯೋಜನೆ ಇಪ್ಪತ್ತೆರಡು ಕಲಮಿನದಾಯಿತು. ಒಂಬತ್ತು ಮತ್ತು ಹತ್ತನೆಯವು ಪೂರ್ತಿ ನನ್ನವು. ಒಂಬತ್ತು: ಸಂಕೇತ ಇಡದೆ ಕಚೇರಿಯವರು ಯಾರೂ ಸುದ್ದಿ ಒಯ್ಯುವವನನ್ನು ಕಾಣತಕ್ಕದ್ದಲ್ಲ. ಹತ್ತು: ಸಂಕೇತ ಇಡುವವನಿಗೆ ನೋಡುವವನು ಯಾರೆಂದು, ನೋಡುವವನಿಗೆ ಇಡುವವನು ಯಾರೆಂದು ತಿಳಿಯತಕ್ಕದ್ದಲ್ಲ, ಎರಡೂ ತುದಿ ಕಚೇರಿಯ ಒಬ್ಬನಿಗೆ ಮಾತ್ರ ಗೊತ್ತಿರಬೇಕು. ಸಾಹೇಬರು ಓದಿ ಶಾಬಾಶ್ ಎಂದರು. ಆ ಒಬ್ಬ ನಾನೇ. ಅವತ್ತು ಸಂಜೆ ಅಮ್ಮನಿಗೆ ಪತ್ರ ಬರೆದೆ; ಆರಾಮ ಇದ್ದೇನೆ, ಕೆಲಸ ಚೆನ್ನಾಗಿದೆ ಎಂಬ ಎರಡು ಸಾಲಿನ ಮೇಲೆ ಮೂರನೆಯದು ಬರೆಯಲಾಗಲಿಲ್ಲ.

ನವೆಂಬರ್ ಹನ್ನೊಂದು, ಗುರುವಾರ, ಒಂದು ಸಲ ಪರೀಕ್ಷೆ ಮಾಡಿದೆವು. ಹಿಂದಿನ ಸಂಜೆ ನಾನೇ ಕಾಸಾರಶಿರಸಿಗೆ ಹೋಗಿ ಬೆಳಗಾಗುವಾಗ ಗಡಿಗೆ ಇಡಿ ಎಂದು ಹೇಳಿ, ಮೈಲಿಗಲ್ಲಿನ ಕೆಳಗೆ ಖಾಲಿ ಚೀಟಿಯ ಬೆಂಕಿಪೊಟ್ಟಣ ಇಟ್ಟು, ಉಮರ್ಗಾಕ್ಕೆ ಹೋಗಿ ಕಾದೆ. ಮಾಳಪ್ಪ ಐದು ತಾಸು ನಲವತ್ತು ನಿಮಿಷಕ್ಕೆ ಬಸ್ ನಿಲ್ದಾಣಕ್ಕೆ ಬಂದ. ಕಾಲು ಮೊಣಕಾಲಿನವರೆಗೆ ಧೂಳು. ಪೊಟ್ಟಣ ಕೊಟ್ಟು, ಚಹಾ ಸಹ ಕುಡಿಯದೆ ತಿರುಗಿದ. ಮಂದೆಯನ್ನು ಪಕ್ಕದ ಹೊಲದವನಿಗೆ ಬಿಟ್ಟು ಬಂದಿದ್ದನಂತೆ. ಹೋಗುವಾಗ ಒಂದೇ ಮಾತು ಕೇಳಿದ. "ಇನ್ನ ಎಷ್ಟ ದಿನ್ರಿ?" ತಿಳಿಸ್ತೀವಿ ಎಂದೆ.

ಡಿಸೆಂಬರ್ ನಾಲ್ಕರ ಬೆಳಿಗ್ಗೆ ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂತು. ಸಾಹೇಬರು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದರು. ಹಗಲಲ್ಲೂ ಕಚೇರಿಯೊಳಗೆ ಕತ್ತಲು. ಕೆಂಪು ಕಟ್ಟುಗಳು ಡಬ್ಬಿಯ ಪಕ್ಕ, ಕೊಡಗಳು ಗೋಡೆಯ ಪಕ್ಕ, ನಾನು ಫೋನಿನ ಪಕ್ಕ. ತಾಸಿಗೊಮ್ಮೆ ಎತ್ತಿ ಕಿವಿಗಿಟ್ಟು ಅದು ಬದುಕಿದೆಯೇ ಎಂದು ನೋಡಿ ಬರೆದುಕೊಳ್ಳುತ್ತಿದ್ದೆ. ಹದಿಮೂರು ದಿನದಲ್ಲಿ ಅದು ಒಮ್ಮೆಯೂ ಸಾಯಲಿಲ್ಲ. ಒಮ್ಮೆಯೂ ರಿಂಗಾಗಲೂ ಇಲ್ಲ. ಯುದ್ಧ ಉದಗೀರದಿಂದ ಅಷ್ಟು ದೂರವಿತ್ತು. ನಾನು ಮನಸ್ಸಿನಲ್ಲೇ ದಿಬ್ಬದ ಮೇಲೆ ನಿಂತು ಮಾಳಿಗೆ ನೋಡುವ ಒಬ್ಬನನ್ನು ನೆನೆದು, ನಮ್ಮಿಬ್ಬರ ಕೆಲಸವೂ ಒಂದೇ ಎಂದುಕೊಳ್ಳುತ್ತಿದ್ದೆ. ಅದರಿಂದ ಸಮಾಧಾನವಾಗುತ್ತಿತ್ತು.

ಹದಿನಾರು, ಗುರುವಾರ ಸಂಜೆ ಗೆದ್ದ ಸುದ್ದಿ ಬಂತು. ಊರಿನಲ್ಲಿ ಪಟಾಕಿ ಹಾರಿಸಿ ಸಕ್ಕರೆ ಹಂಚಿದರು. ಮರುದಿನ ಸಾಹೇಬರು ಒಂದೂವರೆ ತಿಂಗಳ ರಜೆ ಬರೆದುಕೊಟ್ಟು ಹಾಸಿಗೆ ಸುತ್ತುತ್ತಿದ್ದಾಗ ನಾನು ಕೇಳಿದೆ:

"ಮಾಳಪ್ಪಗ ತಿಳಸಬೇಕಲ್ರಿ?"

"ಅಂವಾ ಏನ್ ಕಿವಡ ಅದಾನೇನು? ಸಾರಾ ಮುಲ್ಕಿಗೇ ಗೊತ್ತಾಗ್ಯದ. ಕುರಿ ಹೊಡ್ಕೊಂಡು ಹೋಗಿರ್ತಾನ ಬಿಡು. ನಿನ್ನ ಒಂಬತ್ತನೇ ಕಲಮು ನೀನೇ ಮುರಿಯಾಂವ ಏನು?"

ಅದು ಸರಿಯೆನಿಸಿತು. ಯೋಜನೆಯನ್ನು ಇನ್ನೊಮ್ಮೆ ಓದಿದೆ. ಹೇಗೆ ಶುರುವಾಗಬೇಕೆಂದು ಹದಿನಾಲ್ಕು ಕಲಮಿನಲ್ಲಿತ್ತು. ಹೇಗೆ ಮುಗಿಯಬೇಕೆಂದು ಒಂದರಲ್ಲೂ ಇರಲಿಲ್ಲ. ಅದನ್ನು ಗಮನಿಸಿದೆ, ಮುಂದಿನ ಸಲ ಸೇರಿಸಬೇಕು ಎಂದು ಅಂಚಿನಲ್ಲಿ ಗುರುತು ಹಾಕಿದೆ. ಡಿಸೆಂಬರ್ ಹದಿನೆಂಟರ ದಿನಚರಿಯಲ್ಲಿ ಒಂದು ಸಾಲಿದೆ: ಮಾಳಪ್ಪ ಹೋಗಿರಬೇಕು. ಬೇಕು ಎಂಬುದರ ಕೆಳಗೆ ಗೆರೆಯೆಳೆದದ್ದು ಆಮೇಲೆ.

ಎಂಟು ಕೊಡ ನೀರನ್ನು ಶಾಂತಾಬಾಯಿಯ ಬಾಗಿಲಿಗೆ ಹೊತ್ತು ಹಾಕಿದೆ. ಹುಳ ಬಿದ್ದಿತ್ತು. ಆಕೆ ಬಗ್ಗಿ ನೋಡಿ, ಎಮ್ಮೆಗಾಯಿತು ಎಂದಳು. ಮೊಮ್ಮಗಳು ಹೇಗಿದ್ದಾಳೆ ಎಂದು ಕೇಳಬೇಕೆಂದು ನಿಂತೆ. ಆಕೆ ಎಮ್ಮೆಯ ಕಡೆ ಹೋದಳು. ಸಾಹೇಬರೂ ಇರಲಿಲ್ಲ. ಜನವರಿಯ ಇಪ್ಪತ್ತಾರು ಪುಟಗಳಲ್ಲಿ ಹತ್ತೊಂಬತ್ತರ ಕೊನೆಯ ಕಾಲಂ ಸೊನ್ನೆ. ಬಸ್ಸಿಗೆ ಹೋದರೆ ಕಾಸಾರಶಿರಸಿ ಅರ್ಧ ದಿನದ ದಾರಿ. ಕೆಲಸವಿಲ್ಲದೆ ಹೋಗಬಾರದೆಂದು ನಾನು ಹೋಗಲಿಲ್ಲ.

ಹೋದದ್ದು ಇಪ್ಪತ್ತೇಳನೇ ತಾರೀಖು, ಗುರುವಾರ. ಗೋದಾಮಿನಿಂದ ಸಂದೂಕ ವಾಪಸು ತರಲು ದೊಡ್ಡ ಕಚೇರಿಯಿಂದ ಆದೇಶ ಬಂದಿತ್ತು. ಸಾವಕಾರರು ಚಹಾ ತರಿಸಿದರು. ಬರ, ಕಲ್ಲೊಡೆಯುವ ಕೆಲಸ, ಊರು ಬಿಟ್ಟವರು, ಅದು ಇದು ಮಾತಾಡುತ್ತ ನಡುವೆ ಹೇಳಿದರು:

"ಇಲ್ಲೊಬ್ಬ ಕುರುಬ ಅದಾನ ತಮ್ಮಾ, ಮಾಳಪ್ಪಂತ. ಪಾಪ, ತಲಿ ಕೆಟ್ಟದ ಅಂತಾರ. ದಿನಾ ಮುಂಜಾನಿ ಆ ದಿಬ್ಬದ ಮ್ಯಾಲ ನಿಂತು ನಮ್ಮ ಮಾಳಗಿನೇ ನೋಡ್ತಾನ. ನೋಡಿ ಇಳದು ಹೋಗ್ತಾನ. ಕುರಿ ಸಾಯ್ಲಕತ್ತಾವ, ಎಲ್ಲರೂ ಹೋಗು ಅಂತಾರ, ಹೋಗವಲ್ಲ."

ನಾನು ಚಹಾದ ಬಸಿಯನ್ನು ಕಟ್ಟೆಯ ಮೇಲಿಟ್ಟು ಎದ್ದೆ. ಈಗ ಬರ್ತೀನಿ ಎಂದೆನೋ ಇಲ್ಲವೋ. ದಿಬ್ಬದ ಕಡೆ ಎಷ್ಟು ಹೊತ್ತು ನಡೆದೆ, ಎಷ್ಟು ದೂರ ನಡೆದೆ, ಅವತ್ತಿನ ಪುಟದಲ್ಲಿಲ್ಲ. ಎಣಿಸಲು ಮರೆತದ್ದು ಆ ವರ್ಷದಲ್ಲಿ ಅದೊಂದೇ ಸಲ.

ಅವನು ಬೇವಿನ ಮರದ ಟೊಂಗೆ ಬಗ್ಗಿಸಿ ಒಂದು ಕುರಿಯ ಬಾಯಿಗೆ ಎಲೆ ಹಿಡಿದಿದ್ದ. ಕೈಗೆಟಕುವ ಟೊಂಗೆಗಳೆಲ್ಲ ಬೋಳಾಗಿದ್ದವು. ನನ್ನನ್ನು ನೋಡಿ ಟೊಂಗೆ ಬಿಟ್ಟ.

"ಬಂದ್ರಿ?" ಎಂದ. ಆಮೇಲೆ, "ಗಡಗಿ ಇಡ್ಲಿಲ್ಲ ನೀವು."

"ಇಡೂ ಪ್ರಸಂಗ ಬರ್ಲಿಲ್ಲ ಮಾಳಪ್ಪ. ಯುದ್ಧ ಮುಗದು ಆರು ವಾರ ಆಯ್ತು."

"ಗೊತ್ತದ್ರಿ. ಊರಾಗ ಪಟಾಕಿ ಹಾರ್ಸಿದ್ರು. ಕುರಿ ಬೆದರಿ ಹಳ್ಳಕ್ಕ ಓಡಿದ್ವು."

"ಮತ್ತ ಯಾಕ ಹೋಗ್ಲಿಲ್ಲ?"

ಅವನು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸುಲಭದ ವಿಷಯ ಇವನಿಗೆ ಹೇಗೆ ತಿಳಿಯದು ಎಂಬಂತಿತ್ತು.

"ನೀವು ಬಂದಿರ್ಲಿಲ್ಲಲ್ರಿ."

ಮಂದೆ ಹಳ್ಳದ ಬದಿಗೆ ಮಲಗಿತ್ತು. ಎಣಿಸಿದೆ. ಐವತ್ತಮೂರು. ಕೆರೆ ಡಿಸೆಂಬರಿನ ನಡುವಿನಲ್ಲೇ ಬತ್ತಿತೆಂದೂ ಆಮೇಲೆ ಹಳ್ಳದ ಮರಳಿನಲ್ಲಿ ಚಿಲುಮೆ ತೋಡಿ ಕುಡಿಸುತ್ತಿದ್ದೇನೆಂದೂ ಹೇಳಿದ. ಯುದ್ಧ ಮುಗಿಯುವವರೆಗೆ ಸತ್ತದ್ದು ಆರು. ಉಳಿದ ಐವತ್ತೊಂಬತ್ತು ಅದರ ಮೇಲಿನ ನಲವತ್ತೆರಡು ದಿನಗಳಲ್ಲಿ. ಪಕ್ಕದ ಹೊಲದವನಿಗೆ ಕೊಟ್ಟಾದರೂ ಕಳಿಸಬಹುದಿತ್ತಲ್ಲ ಎಂದೆ. ಹೊಲದವನು ಕಾರ್ತಿಕದಲ್ಲೇ ಪುಣೆಗೆ ಹೋದನಂತೆ.

"ಯಾರನರ ಕೇಳಬೇಕಿತ್ತು."

"ಯಾರ್ನೂ ಕೇಳಬ್ಯಾಡ ಅಂತ ನೀವೇ ಹೇಳಿದ್ರಿ."

ಆಮೇಲೆ ಅವನು, "ತಂದೀರೇನ್ರಿ?" ಎಂದ. ಏನು ಎಂದು ನನಗೆ ತಿಳಿಯಲಿಲ್ಲ.

"ಭಂಡಾರ."

ದಿನಚರಿ ಚೀಲದಲ್ಲಿತ್ತು, ಹಿಂದಿನ ವರ್ಷದ್ದೂ ಜೊತೆಗಿತ್ತು. ಅಕ್ಟೋಬರ್ ಇಪ್ಪತ್ತನಾಲ್ಕರ ಪುಟ ತೆರೆದೆ. ಮಡಿಚಿದ ಕಾಗದ ಅಲ್ಲೇ ಇತ್ತು, ಅದರ ಪಕ್ಕದಲ್ಲಿ ನನ್ನ ದುಂಡು ಅಕ್ಷರದಲ್ಲಿ ಅವನ ಮಾತು: ಯಾರ ಮುಂದ ಎತ್ತೀನೋ ಅವರೇ ತಿರಗಿ ತಂದು ಕೊಡಬೇಕು. ನಾನು ನಿಂತಲ್ಲೇ ಅದನ್ನು ಓದುತ್ತಿದ್ದುದನ್ನು ಅವನು ನೋಡಿದ.

"ನೀವು ಎಲ್ಲಾ ಬರಕೊಂತಿದ್ರಲ್ರಿ. ಇದು ಬರಕೊಂಡಿರ್ಲಿಲ್ಲೇನು?"

"ಬರಕೊಂಡಿದ್ದೆ."

"ಹಂಗಂದ್ರ ಓದ್ಲಿಲ್ಲ" ಎಂದ.

ಬೀರಪ್ಪನ ಕಲ್ಲಿನ ಮುಂದೆ ನನ್ನನ್ನು ಕುಳ್ಳಿರಿಸಿ, ಕಾಗದ ಬಿಚ್ಚಿ ತನ್ನ ಚೀಲಕ್ಕೆ ಹಾಕಿರಿ ಎಂದ. ಹಾಕಿದೆ. ಅವನು ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡು, ಎದ್ದು ಗುಡಾರದ ಗೂಟ ಕೀಳತೊಡಗಿದ. ಗೂಟ ಹಿಡಿಯಲು ಹೋದೆ. ಬ್ಯಾಡ್ರಿ, ನಿಮಗ ಬರಲ್ಲ ಎಂದ. ಅರ್ಧ ತಾಸಿನೊಳಗೆ ಅವನು ಐವತ್ತಮೂರು ಕುರಿ ಹೊಡೆದುಕೊಂಡು ತೆಂಕಣ ದಾರಿ ಹಿಡಿದ. ಹೊರಡುವ ಮುನ್ನ ದಿಬ್ಬದ ಮೇಲೆ ನಿಂತು ಒಂದು ಸಲ ಮಾಳಿಗೆ ನೋಡಿದ.

ಉದಗೀರಕ್ಕೆ ಬಂದು ಯೋಜನೆಗೆ ಇಪ್ಪತ್ತಮೂರನೇ ಕಲಮು ಬರೆದೆ: ಸುದ್ದಿ ಒಯ್ಯುವವನನ್ನು ನಿಲ್ಲಿಸಿದವನೇ ಸ್ವತಃ ಹೋಗಿ ಬಿಡಿಸತಕ್ಕದ್ದು. ರಜೆಯಿಂದ ಬಂದ ಸಾಹೇಬರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಸಹಿ ಹಾಕಿದರು. ದೊಡ್ಡ ಕಚೇರಿಯಿಂದ ಅದು ಅನಾವಶ್ಯಕ ಎಂಬ ಷರಾದೊಂದಿಗೆ ಮರಳಿತು. ಎಪ್ಪತ್ತಮೂರರಲ್ಲಿ ನಾನು ಆ ನೌಕರಿ ಬಿಟ್ಟೆ. ಈಗ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದಿನಚರಿಯ ಕೊನೆಯ ಕಾಲಂ ಈಗ ಬೇಕಾಗುವುದಿಲ್ಲ.

ಕಳೆದ ಜುಲೈಯ ಆ ಮಧ್ಯಾಹ್ನ ಕಾಸಾರಶಿರಸಿಯಲ್ಲಿ ಇಳಿದಾಗ ಮಳೆ ನಿಂತಿತ್ತು. ಸಾವಕಾರರು ಅದೇ ಕಟ್ಟೆಯ ಮೇಲಿದ್ದರು, ಹಿಂದೆ ಗೋದಾಮಿನಲ್ಲಿ ಚೀಲಗಳು ತೊಲೆಯವರೆಗೆ ಏರಿದ್ದವು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಗಡಗಿ ತಮ್ಮ ಅಲ್ಲೇನು?" ಎಂದರು. "ಕುಂದ್ರು."

ಮಾಳಪ್ಪನ ಬಗ್ಗೆ ಕೇಳಿದೆ.

"ಅದಾನ. ಮಳಿಗಾಲಕ್ಕ ತನ್ನೂರಾಗ ಇರ್ತಾನ. ದೀಪಾವಳಿ ಮುಗದ ಮ್ಯಾಲ ಇದೇ ಹಾದಿಲಿಂದ ಕೃಷ್ಣಾ ಕಡಿ ಹೋಗ್ತಾನ. ಹೋದ ವರ್ಷ ಎಂಬತ್ತರ ಮ್ಯಾಲ ಇದ್ವು ಕುರಿ. ತಲಿ ಈಗ ನೆಟ್ಟಗದ. ಒಂದ ಮಾತ್ರ ಬಿಟ್ಟಿಲ್ಲ ನೋಡು. ಹೋಗೂ ಮುಂಚಿ ಆ ದಿಬ್ಬ ಹತ್ತಿ ನನ್ನ ಮಾಳಗಿ ನೋಡೇ ಹೋಗ್ತಾನ. ಏನ್ ನೋಡ್ತಾನೋ ಏನೋ."

ನಾಲ್ಕು ವರ್ಷ ಎರಡು ತುದಿಯನ್ನೂ ನಾನೊಬ್ಬನೇ ಹಿಡಿದುಕೊಂಡಿದ್ದೆ. ಅವತ್ತು ಹೇಳಿದೆ.

"ನಿಮ್ಮ ಗಡಗಿರಿ. ಅದನ್ನ ನೋಡ್ಲಕ ನಾನೇ ಅಂವಗ ನಿಂದ್ರಿಸಿದ್ದೆ."

ಒಬ್ಬ ಗಿರಾಕಿ ಬಂದು ತೊಗರಿಬೇಳೆ ಕೇಳಿ, ಉತ್ತರ ಬಾರದೆ ಹೋದ. ಆಮೇಲೆ ಸಾವಕಾರರು ದಿಬ್ಬದ ಕಡೆ ಕೈ ತೋರಿಸಿದರು.

"ಎರಡು ಫರ್ಲಾಂಗ್ ಇಲ್ಲ ತಮ್ಮಾ" ಎಂದರು. "ಯುದ್ಧ ಮುಗದ ದಿನ ನಾ ಊರಿಗೆಲ್ಲ ಸಕ್ಕರಿ ಹಂಚೀನಿ. ನನಗೊಂದ ಮಾತು ಹೇಳಿದ್ರ, ಅಂವಗೂ ಕೊಟ್ಟು ನಿನಗ ತಂತಿ ಕಳಸ್ತಿದ್ನಲ್ಲೋ."

ಅವರ ಊಟದ ಕರೆಗೆ ಬರುತ್ತೇನೆಂದು ಹೇಳಿ ಎದ್ದೆ. ಆ ವರ್ಷ ನಾನು ಅಳೆಯದ ದೂರವಿರಲಿಲ್ಲ. ಉದಗೀರದಿಂದ ದೇವಣಿ, ದೇವಣಿಯಿಂದ ನಿಲಂಗಾ, ಮೈಲಿಗಲ್ಲಿನಿಂದ ಉಮರ್ಗಾದ ಬಸ್ ನಿಲ್ದಾಣ, ಕಪಾಟಿನಿಂದ ಡಾಂಬರಿನ ಡಬ್ಬಿ. ಇದೊಂದನ್ನು ಬಿಟ್ಟಿದ್ದೆ. ಕಟ್ಟೆಯಿಂದಿಳಿದು ಎಣಿಸುತ್ತ ನಡೆದೆ. ತೊಯ್ದ ಕರಿಮಣ್ಣು ಚಪ್ಪಲಿಗೆ ಮೆತ್ತುತ್ತಿತ್ತು. ಬೇವಿನ ಮರ ಕೆಳಗಿನ ಟೊಂಗೆಗಳವರೆಗೂ ಚಿಗುರಿತ್ತು. ಬೀರಪ್ಪನ ಕಲ್ಲು ಮುಟ್ಟಿದಾಗ ಐನೂರ ಹನ್ನೆರಡು ಹೆಜ್ಜೆ ಆಗಿತ್ತು. ಅಲ್ಲಿ ನಿಂತು ತಿರುಗಿ ಮಾಳಿಗೆ ನೋಡಿದೆ.